ಕೋಡಿಪೆಟ್ಟಿಗೆ: ಹವಳದ ಅಕ್ವೇರಿಯಂಗಳ ಹೊರಹರಿವಿನ ವಿನ್ಯಾಸ ಮತ್ತು ಅದರ ಜನಪದ ನೆಲೆ

1. ಪ್ರವೇಶ

ಜನಪದ ತಂತ್ರಜ್ಞಾನ ಎಂದೊಡನೆ ಏತ, ಕಪಿಲೆ, ಗಾಣ, ಕುಲುಮೆ, ಮಗ್ಗಗಳ ಕಡೆಗೆ ಗಮನ ಹರಿಯುವುದು ಸಹಜ. ಕನ್ನಡದಲ್ಲಿ ಈವರೆಗೆ ನಡೆದಿರುವ ಅಧ್ಯಯನಗಳು ಬಹುಮಟ್ಟಿಗೆ ಗ್ರಾಮೀಣ ಬದುಕಿನ ಉಪಕರಣಗಳನ್ನೇ ಕೇಂದ್ರವಾಗಿಟ್ಟುಕೊಂಡಿವೆ. ಆದರೆ 'ಜನಪದ' ಎಂಬುದು ಹಳ್ಳಿಗೆ ಮಾತ್ರ ಸೀಮಿತವಾದುದಲ್ಲ. ಯಾವುದಾದರೂ ಒಂದು ಸಮಾನ ಅಂಶವನ್ನು ಹಂಚಿಕೊಂಡ ಯಾವುದೇ ಗುಂಪು ಜನಪದವೆನಿಸಬಲ್ಲುದು ಎಂದು ಅಲನ್ ಡಂಡೆಸ್ ಪ್ರತಿಪಾದಿಸಿದ ನಂತರ ಈ ಶಿಸ್ತಿನ ವ್ಯಾಪ್ತಿ ಹಿಗ್ಗಿತು. ವೃತ್ತಿ, ಹವ್ಯಾಸ, ಕಾರ್ಖಾನೆ, ಕಚೇರಿಗಳಲ್ಲಿ ಹುಟ್ಟಿ ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ದಾಟುವ ತಿಳಿವಳಿಕೆಯೂ ಜಾನಪದದ ಪರಿಧಿಯೊಳಗೆ ಬಂದಿತು.

ಈ ಹಿನ್ನೆಲೆಯಲ್ಲಿ ಗಮನಿಸಬೇಕಾದ ಒಂದು ಸಮಕಾಲೀನ ಜ್ಞಾನಪರಂಪರೆಯೆಂದರೆ ಹವಳದ ಅಕ್ವೇರಿಯಂ ಸಾಕುವವರದು. ಗಾಜಿನ ತೊಟ್ಟಿಯೊಳಗೆ ಸಮುದ್ರದ ನೀರು, ಬಂಡೆ, ಹವಳ, ಮೀನುಗಳನ್ನು ಒಟ್ಟಿಗೆ ಬದುಕಿಸುವ ಈ ಹವ್ಯಾಸದಲ್ಲಿ ದೀಪ, ಲವಣಾಂಶ, ಉಷ್ಣತೆಗಳಷ್ಟೇ ಮುಖ್ಯವಾದುದು ತೊಟ್ಟಿಯಿಂದ ನೀರು ಹೊರಬೀಳುವ ಕ್ರಮ. ಅದನ್ನು ನಿರ್ವಹಿಸುವ ಭಾಗವನ್ನು ಹವ್ಯಾಸಿಗಳು 'ಓವರ್‌ಫ್ಲೋ ಬಾಕ್ಸ್' ಎನ್ನುತ್ತಾರೆ. ದೊಡ್ಡ ತೊಟ್ಟಿಗಳಲ್ಲಿ ಇದರ ವಿನ್ಯಾಸ ಹೇಗಿರಬೇಕು, ಏಕೆ ಹಾಗಿರಬೇಕು, ಆ ವಿನ್ಯಾಸವನ್ನು ರೂಪಿಸಿದ ತಿಳಿವಳಿಕೆಯ ಸ್ವರೂಪವೇನು ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಹೊರಹರಿವಿನ ವ್ಯವಸ್ಥೆಯ ಯೋಗ್ಯತೆಯನ್ನು ಅದು ದಿನನಿತ್ಯ ಹೇಗೆ ನಡೆಯುತ್ತದೆ ಎಂಬುದರಿಂದಲ್ಲ, ಒಂದು ದಾರಿ ಮುಚ್ಚಿದ ದಿನ ಹೇಗೆ ನಡೆಯುತ್ತದೆ ಎಂಬುದರಿಂದ ಅಳೆಯಬೇಕು ಎಂಬುದು ಇಲ್ಲಿಯ ಮುಖ್ಯ ಪ್ರತಿಪಾದನೆ.

2. ಪರಿಭಾಷೆ

ಓವರ್‌ಫ್ಲೋ ಎಂಬುದಕ್ಕೆ ಕನ್ನಡದಲ್ಲಿ ಹೊಸ ಪದವನ್ನು ಸೃಷ್ಟಿಸುವ ಅಗತ್ಯವಿಲ್ಲ. ಕೆರೆ ತುಂಬಿದಾಗ ಹೆಚ್ಚುವರಿ ನೀರು ಏರಿಯ ಮೇಲೆ ಹತ್ತದಂತೆ ಹೊರಹೋಗಲು ಬಿಟ್ಟ ತಗ್ಗಾದ, ಗಟ್ಟಿಯಾದ ಅಂಚೇ ಕೋಡಿ. ತೂಬು ಬೇಕೆಂದಾಗ ತೆರೆಯುವ ಬಾಗಿಲು. ಕೋಡಿ ಯಾರೂ ತೆರೆಯಬೇಕಿಲ್ಲದ ಬಾಗಿಲು. ನೀರುಗಂಟಿ ತೂಬನ್ನು ಕಾಯುತ್ತಾನೆ, ಕೋಡಿ ಏರಿಯನ್ನು ಕಾಯುತ್ತದೆ. 'ಕೆರೆ ಕೋಡಿ ಬಿತ್ತು' ಎಂಬುದು ಹಳ್ಳಿಗಳಲ್ಲಿ ಹಬ್ಬದ ಸುದ್ದಿ. ತುಂಬಿದ ಕೆರೆಗೆ ಬಾಗಿನ ಅರ್ಪಿಸುವ ಸಂಪ್ರದಾಯವೂ ಇದರೊಂದಿಗೆ ಹೆಣೆದುಕೊಂಡಿದೆ. ಕಣ್ಣೀರ ಕೋಡಿ, ಹರ್ಷದ ಕೋಡಿ ಎಂಬ ನುಡಿಗಟ್ಟುಗಳಲ್ಲಿಯೂ ತುಂಬಿದ ಮೇಲೆ ಹರಿಯುವುದೆಂಬ ಅರ್ಥವೇ ಉಳಿದುಬಂದಿದೆ.

ಅಕ್ವೇರಿಯಂನ ಓವರ್‌ಫ್ಲೋ ಬಾಕ್ಸ್ ಮಾಡುವ ಕೆಲಸವೂ ಇದೇ. ತೊಟ್ಟಿಯ ನೀರಿನ ಮಟ್ಟವನ್ನು ಒಂದು ಅಂಚು ನಿರ್ಧರಿಸುತ್ತದೆ. ಅದಕ್ಕಿಂತ ಮೇಲೆ ಬಂದ ನೀರು ಅಂಚನ್ನು ದಾಟಿ ಪೆಟ್ಟಿಗೆಯೊಳಗೆ ಬೀಳುತ್ತದೆ. ಅಲ್ಲಿಂದ ಕೊಳವೆಗಳ ಮೂಲಕ ಕೆಳಗಿನ ಸಂಪಿಗೆ ಇಳಿಯುತ್ತದೆ. ಸಂಪಿನಲ್ಲಿ ಶೋಧನೆಗೊಂಡ ನೀರನ್ನು ಪಂಪು ಮತ್ತೆ ಮೇಲಕ್ಕೆ ಕಳುಹಿಸುತ್ತದೆ. ಆದ್ದರಿಂದ ಈ ಲೇಖನದಲ್ಲಿ ಓವರ್‌ಫ್ಲೋ ಬಾಕ್ಸ್‌ಗೆ 'ಕೋಡಿಪೆಟ್ಟಿಗೆ' ಎಂಬ ಪದವನ್ನು ಬಳಸಲಾಗಿದೆ. ಕೆರೆಯ ಕೋಡಿ ವರ್ಷಕ್ಕೆ ಕೆಲವು ದಿನ ಹರಿದರೆ ಅಕ್ವೇರಿಯಂನ ಕೋಡಿ ಹಗಲಿರುಳೂ ಹರಿಯುತ್ತದೆ ಎಂಬ ವ್ಯತ್ಯಾಸವನ್ನು ಮಾತ್ರ ನೆನಪಿನಲ್ಲಿಡಬೇಕು.

3. ಮೇಲ್ಪದರದ ನೀರು

ಸಮುದ್ರಜೀವಿಗಳನ್ನು ಗಾಜಿನಲ್ಲಿಟ್ಟು ನೋಡುವ ಆಸಕ್ತಿ 19ನೆಯ ಶತಮಾನದ ಇಂಗ್ಲೆಂಡಿನಲ್ಲಿ ವ್ಯಾಪಕವಾಯಿತು. 1853ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಪ್ರಾಣಿ ಸಂಗ್ರಹಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಈ ವಿಷಯವನ್ನು ಕುರಿತು ಗ್ರಂಥ ಪ್ರಕಟಿಸಿದನು. ನಿಂತ ನೀರು ಬೇಗನೆ ಕೆಡುತ್ತಿತ್ತು. 1871ರಲ್ಲಿ ತೆರೆದ ಕ್ರಿಸ್ಟಲ್ ಪ್ಯಾಲೆಸ್ ಮತ್ಸ್ಯಾಲಯದಲ್ಲಿ ವಿಲಿಯಂ ಆಲ್ಫರ್ಡ್ ಲಾಯ್ಡ್ ಪ್ರದರ್ಶನದ ತೊಟ್ಟಿಗಳಿಗಿಂತ ದೊಡ್ಡದಾದ ಜಲಾಶಯವನ್ನು ಕೆಳಗಿಟ್ಟು, ಪಂಪಿನ ಮೂಲಕ ನೀರನ್ನು ಸದಾ ಸುತ್ತುವಂತೆ ಮಾಡಿದನು. ಇಂದಿನ ಸಂಪು ಅದೇ ತತ್ತ್ವದ ಮುಂದುವರಿಕೆ. 1980ರಲ್ಲಿ ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯಲ್ಲಿ ವಾಲ್ಟರ್ ಏಡಿ ರೂಪಿಸಿದ ಜೀವಂತ ಹವಳದಿಬ್ಬದ ಪ್ರದರ್ಶನ, 1986ರಲ್ಲಿ ಜಾರ್ಜ್ ಸ್ಮಿಟ್ ಹವ್ಯಾಸಿ ಪತ್ರಿಕೆಯಲ್ಲಿ ಬರೆದ ಕಿರುದಿಬ್ಬದ ಲೇಖನಗಳು ಈ ಕಲೆಯನ್ನು ಮನೆಮನೆಗೆ ಕೊಂಡೊಯ್ದವು.

ನೀರನ್ನು ತಳದಿಂದ ತೆಗೆಯದೆ ಮೇಲಿನಿಂದಲೇ ಏಕೆ ತೆಗೆಯಬೇಕು? ಮೀನಿನ ಆಹಾರ, ಜೀವಿಗಳ ಲೋಳೆ, ವಿಸರ್ಜನೆಗಳಿಂದ ಬರುವ ಕೊಬ್ಬು ಮತ್ತು ಪ್ರೋಟೀನುಗಳಲ್ಲಿ ಬಹುಭಾಗ ನೀರಿನ ಮೇಲೆ ತೆಳುಪೊರೆಯಾಗಿ ಕೂಡುತ್ತದೆ. ಕಾಸಿದ ಹಾಲಿನ ಮೇಲೆ ಕೆನೆ ಕಟ್ಟುವಂತೆ ಕಾಣುವ ಈ ಪೊರೆ ಗಾಳಿ ಮತ್ತು ನೀರಿನ ನಡುವಿನ ಅನಿಲ ವಿನಿಮಯಕ್ಕೆ ತಡೆಯಾಗುತ್ತದೆ. ಬೆಳಕನ್ನೂ ಸ್ವಲ್ಪಮಟ್ಟಿಗೆ ತಡೆಯುತ್ತದೆ. ಹವಳದ ದೇಹದೊಳಗೆ ವಾಸಿಸುವ ಸೂಕ್ಷ್ಮ ಪಾಚಿಗಳಿಗೆ ಬೆಳಕೇ ಜೀವಾಳ. ಅವು ತಯಾರಿಸುವ ಆಹಾರವೇ ಹವಳದ ಆಹಾರದ ಬಹುಪಾಲು. ಹೀಗಾಗಿ ಮೇಲ್ಪದರವನ್ನು ನಿರಂತರವಾಗಿ ಬಳಿದು ಸಂಪಿಗೆ ಕಳುಹಿಸುವುದು ಕೋಡಿಪೆಟ್ಟಿಗೆಯ ಮೊದಲ ಕರ್ತವ್ಯ. ನೀರಿನ ಮಟ್ಟವನ್ನು ಕಾಯುವುದು ಎರಡನೆಯದು. ಏನೇ ಆದರೂ ನೀರು ನೆಲಕ್ಕೆ ಚೆಲ್ಲದಂತೆ ನೋಡಿಕೊಳ್ಳುವುದು ಮೂರನೆಯದು.

4. ಅಂಚಿನ ಉದ್ದ

ಕೋಡಿಯ ಶಕ್ತಿ ಅದರ ಆಳದಲ್ಲಿಲ್ಲ, ಉದ್ದದಲ್ಲಿದೆ. ಚೂಪು ಅಂಚಿನ ಮೇಲೆ ಹರಿಯುವ ನೀರಿನ ಪ್ರಮಾಣವನ್ನು ಲೆಕ್ಕ ಹಾಕಲು ಜಲಶಾಸ್ತ್ರದಲ್ಲಿ ಒಂದು ಸರಳ ಸೂತ್ರವಿದೆ: ಅಂಚಿನ ಉದ್ದವನ್ನು ಮೀಟರಿನಲ್ಲಿಯೂ, ಅಂಚಿನ ಮೇಲಿನ ನೀರಿನ ಎತ್ತರವನ್ನು ಮೀಟರಿನಲ್ಲಿಯೂ ತೆಗೆದುಕೊಂಡು, ಎತ್ತರದ ಒಂದೂವರೆ ಘಾತವನ್ನು ಉದ್ದದಿಂದಲೂ 1.84ರಿಂದಲೂ ಗುಣಿಸಿದರೆ ಸೆಕೆಂಡಿಗೆ ಎಷ್ಟು ಘನಮೀಟರ್ ನೀರು ದಾಟುತ್ತದೆಂಬುದು ದೊರೆಯುತ್ತದೆ. ಕೆರೆಯ ಕೋಡಿಗೂ ಗಾಜಿನ ತೊಟ್ಟಿಯ ಕೋಡಿಗೂ ಸಂಬಂಧ ಒಂದೇ; ಗುಣಾಂಕ ಮಾತ್ರ ಅಂಚಿನ ಆಕಾರಕ್ಕೆ ತಕ್ಕಂತೆ ಬದಲಾಗುತ್ತದೆ.

ಉದಾಹರಣೆಗೆ 2.5 ಮೀಟರ್ ಉದ್ದ, 1 ಮೀಟರ್ ಅಗಲ, 80 ಸೆಂ.ಮೀ. ನೀರಿನ ಆಳವುಳ್ಳ ತೊಟ್ಟಿಯನ್ನು ತೆಗೆದುಕೊಳ್ಳಬಹುದು. ಅದರಲ್ಲಿ 2,000 ಲೀಟರ್ ನೀರಿರುತ್ತದೆ. ಸಮುದ್ರದ ನೀರಾದ್ದರಿಂದ ತೂಕ 2,050 ಕಿಲೋಗ್ರಾಂ ಆಸುಪಾಸಿನಲ್ಲಿರುತ್ತದೆ. ಗಂಟೆಗೆ ಐದು ಬಾರಿ ನೀರು ಸುತ್ತಬೇಕೆಂದರೆ ಗಂಟೆಗೆ 10,000 ಲೀಟರ್, ಅಂದರೆ ಸೆಕೆಂಡಿಗೆ ಸುಮಾರು 2.8 ಲೀಟರ್ ಕೋಡಿಯನ್ನು ದಾಟಬೇಕು. ಮೂಲೆಯಲ್ಲಿ ಕೂರಿಸಿದ ಅರ್ಧ ಮೀಟರ್ ಅಂಚಿನ ಪೆಟ್ಟಿಗೆಯಾದರೆ ನೀರು ಅಂಚಿನ ಮೇಲೆ ಸುಮಾರು 21 ಮಿ.ಮೀ. ಏರಿ ನಿಲ್ಲುತ್ತದೆ. ಅಂಚು 1 ಮೀಟರ್ ಆದರೆ 13 ಮಿ.ಮೀ., ಹಿಂಬದಿಯ ಗೋಡೆಯ ಪೂರ್ಣ 2.5 ಮೀಟರ್ ಉದ್ದಕ್ಕೂ ಅಂಚಿದ್ದರೆ ಕೇವಲ 7 ಮಿ.ಮೀ.

ಈ ಅಂಕಿಗಳಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಅಂಚು ಉದ್ದವಾದಷ್ಟೂ ದಾಟುವ ಪದರ ತೆಳುವಾಗುತ್ತದೆ. ತೆಳುವಾದಷ್ಟೂ ಮೇಲಿನ ಪೊರೆಯೇ ಹೆಚ್ಚಾಗಿ ಹೊರಹೋಗುತ್ತದೆ. ಎರಡನೆಯದು, ಪಂಪು ನಿಂತಾಗ ಅಂಚಿನ ಮೇಲಿರುವ ನೀರೆಲ್ಲವೂ ಕೆಳಗಿಳಿಯುತ್ತದೆ. 21 ಮಿ.ಮೀ. ಎಂದರೆ 52 ಲೀಟರ್, 7 ಮಿ.ಮೀ. ಎಂದರೆ 18 ಲೀಟರ್ ಮಾತ್ರ. ಹವ್ಯಾಸಿಗಳು 'ದಡದಿಂದ ದಡಕ್ಕೆ' ಎಂದು ಕರೆಯುವ ಉದ್ದಕೋಡಿ ದೊಡ್ಡ ತೊಟ್ಟಿಗಳಲ್ಲಿ ಪ್ರಿಯವಾಗಲು ಇದೇ ಕಾರಣ. ಉದ್ದಕೋಡಿಯ ಪೆಟ್ಟಿಗೆ ಆಳವಾಗಿರಬೇಕಿಲ್ಲ. ತೊಟ್ಟಿಯ ಒಳಗೆ ತೆಳುವಾದ ಕಾಲುವೆಯೊಂದನ್ನು ಅಂಟಿಸಿ, ಗಾಜಿನಲ್ಲಿ ಕೊರೆದ ರಂಧ್ರಗಳ ಮೂಲಕ ಹಿಂಬದಿಯ ಹೊರಪೆಟ್ಟಿಗೆಗೆ ನೀರು ದಾಟಿಸಿದರೆ ಒಳಗಿನ ಜಾಗವೂ ಉಳಿಯುತ್ತದೆ, ಕೊಳವೆಗಳೂ ಕೈಗೆ ಸಿಗುತ್ತವೆ. ಟಫನ್ಡ್ ಗಾಜನ್ನು ಕೊರೆಯಲು ಹೋದರೆ ಅದು ಪುಡಿಪುಡಿಯಾಗುವುದರಿಂದ ರಂಧ್ರಗಳ ವಿಚಾರ ಗಾಜನ್ನು ಆಯ್ಕೆ ಮಾಡುವ ಮೊದಲೇ ತೀರ್ಮಾನವಾಗಬೇಕು. ಅಂಚು ಮಟ್ಟಸವಾಗಿರುವುದೂ ಅಷ್ಟೇ ಮುಖ್ಯ. 7 ಮಿ.ಮೀ. ಪದರದಲ್ಲಿ ತೊಟ್ಟಿ ಒಂದು ಬದಿಗೆ 5 ಮಿ.ಮೀ. ವಾಲಿದರೂ ಕೋಡಿಯ ಒಂದು ತುದಿಯ ಪದರ ಇನ್ನೊಂದು ತುದಿಯದಕ್ಕಿಂತ ಬಹಳ ತೆಳುವಾಗುತ್ತದೆ.

5. ಹಲ್ಲುಗಳು

ಮೀನು, ಬಸವನಹುಳುಗಳು ಪೆಟ್ಟಿಗೆಯೊಳಗೆ ಬೀಳದಂತೆ ಅಂಚಿಗೆ ಬಾಚಣಿಗೆಯ ಹಾಗೆ ಹಲ್ಲುಗಳನ್ನು ಕತ್ತರಿಸುವುದು ರೂಢಿ. ನೋಟಕ್ಕೆ ಇದು ನಿರುಪದ್ರವಿ. ಆದರೆ ಹಲ್ಲಿನ ಅಗಲ ಸಂದಿನ ಅಗಲದಷ್ಟೇ ಇದ್ದರೆ ಕೋಡಿಯ ಉದ್ದ ಅರ್ಧಕ್ಕೆ ಇಳಿದಂತೆ. 1 ಮೀಟರ್ ಅಂಚು ಅರ್ಧ ಮೀಟರಿನಂತೆ ವರ್ತಿಸಿ ನೀರು 13ರಿಂದ 21 ಮಿ.ಮೀ.ಗೆ ಏರುತ್ತದೆ. ಸಂದುಗಳಲ್ಲಿ ಪಾಚಿ ಬೆಳೆದು, ಬಸವನಹುಳು ಅಂಟಿಕೊಂಡು ಉಳಿದುದರಲ್ಲಿ ಅರ್ಧ ಮುಚ್ಚಿದರೆ 33 ಮಿ.ಮೀ. ಆಗುತ್ತದೆ. ಈ ಏರಿಕೆ ಒಂದೇ ದಿನ ಸಂಭವಿಸುವುದಲ್ಲ. ವಾರಗಟ್ಟಲೆ ನಿಧಾನವಾಗಿ ಬರುವುದರಿಂದ ಕಣ್ಣಿಗೆ ಬೀಳುವುದಿಲ್ಲ.

ದಕ್ಷಿಣ ಭಾರತದ ಹಳೆಯ ಕೆರೆಗಳಲ್ಲಿ ಇದಕ್ಕೆ ಹತ್ತಿರದ ರಚನೆಯೊಂದಿದೆ. ಕೆಲವು ಕೋಡಿಗಳ ನೆತ್ತಿಯ ಮೇಲೆ ಸಾಲಾಗಿ ಕಲ್ಲುಗಂಬಗಳನ್ನು ನಿಲ್ಲಿಸಲಾಗಿರುತ್ತದೆ. ಮಳೆಗಾಲದ ಕೊನೆಗೆ ಆ ಕಲ್ಲುಗಳ ನಡುವೆ ಮಣ್ಣು, ಹುಲ್ಲುಹೆಂಟೆ ತುಂಬಿ ಕೆರೆಯಲ್ಲಿ ಇನ್ನಷ್ಟು ನೀರು ನಿಲ್ಲಿಸುವುದು ಇದರ ಉದ್ದೇಶ. ದೊಡ್ಡ ಮಳೆ ಬರುವ ಮೊದಲು ಆ ಮಣ್ಣನ್ನು ತೆಗೆಯದಿದ್ದರೆ ಏರಿಗೇ ಅಪಾಯ. ಹಲ್ಲಿರುವ ಕೋಡಿ ಕಾವಲುಗಾರನನ್ನು ಬೇಡುತ್ತದೆ ಎಂಬುದು ಎರಡೂ ಕಡೆಯ ಪಾಠ. ಅನುಭವಿ ಹವ್ಯಾಸಿಗಳು ಇದಕ್ಕಾಗಿ ಹಲ್ಲುಗಳನ್ನು ಬಿಟ್ಟು, ಅಂಚನ್ನು ನುಣುಪಾಗಿಟ್ಟು, ತೆಗೆದು ತೊಳೆಯಬಹುದಾದ ಬಲೆಯನ್ನು ಮೇಲೆ ಹೊದಿಸುವುದುಂಟು. ಹಲ್ಲು ಬೇಕೇಬೇಕಾದರೆ ಅಂಚಿನ ಉದ್ದವನ್ನು ಲೆಕ್ಕಕ್ಕಿಂತ ಇಮ್ಮಡಿ ಇಡುವುದುಂಟು.

6. ಇಳಿಯುವ ದಾರಿಗಳು

ಪೆಟ್ಟಿಗೆಗೆ ಬಿದ್ದ ನೀರು ಕೆಳಗಿಳಿಯುವ ಕೊಳವೆಗಳ ಇತಿಹಾಸವೇ ಈ ಜ್ಞಾನಪರಂಪರೆಯ ಬೆಳವಣಿಗೆಯ ಇತಿಹಾಸ. ತೆರೆದ ಬಾಯಿಯ ಕೊಳವೆಯೊಂದನ್ನು ನೆಟ್ಟರೆ ನೀರು ಗಾಳಿಯನ್ನು ಎಳೆದುಕೊಂಡು ಗೊಳಗೊಳ ಸದ್ದು ಮಾಡುತ್ತ ಇಳಿಯುತ್ತದೆ, ಸಂಪಿನಲ್ಲಿ ಗುಳ್ಳೆಗಳೇಳುತ್ತವೆ. ಮನೆಯ ನಡುಮನೆಯಲ್ಲಿ ಹಗಲಿರುಳು ಈ ಸದ್ದನ್ನು ಸಹಿಸಲಾಗದೆ ಹವ್ಯಾಸಿಗಳು ಪರಿಹಾರಗಳನ್ನು ಹುಡುಕಿದರು. 20ನೆಯ ಶತಮಾನದ ಕೊನೆಯಿಂದ 21ನೆಯ ಶತಮಾನದ ಮೊದಲ ದಶಕದವರೆಗೆ ರೂಪುಗೊಂಡ ಮೂರು ವಿನ್ಯಾಸಗಳು ಇಂದಿಗೂ ಪ್ರಚಲಿತವಾಗಿವೆ.

ಮೊದಲನೆಯದು ಡರ್ಸೋ ಕೊಳವೆ. ಇದರಲ್ಲಿ ನೆಟ್ಟ ಕೊಳವೆಯ ತಲೆಗೆ ಮುಚ್ಚಳ ಹಾಕಿ, ಬದಿಯಿಂದ ಬಾಗಿದ ಬಾಯಿಯನ್ನು ಪೆಟ್ಟಿಗೆಯ ನೀರಿನ ಮಟ್ಟಕ್ಕಿಂತ ಕೆಳಗೆ ಇಳಿಬಿಡಲಾಗುತ್ತದೆ. ಮುಚ್ಚಳದಲ್ಲಿ ಸಣ್ಣ ರಂಧ್ರವಿರುತ್ತದೆ. ಬಾಯಿ ಮುಳುಗಿರುವುದರಿಂದ ಗೊಳಗೊಳ ಸದ್ದು ಅಡಗುತ್ತದೆ. ರಂಧ್ರ ಅಳತೆಯ ಗಾಳಿಯನ್ನಷ್ಟೇ ಒಳಗೆ ಬಿಡುತ್ತದೆ. ಆದರೆ ಗಾಳಿ ಬೆರೆತ ಕೊಳವೆ ಸಾಗಿಸುವ ನೀರು ಕಡಿಮೆ.

ಎರಡನೆಯದು ಹರ್ಬಿ ವಿಧಾನ. ಇಲ್ಲಿ ಎರಡು ಕೊಳವೆಗಳು. ಒಂದರ ಬಾಯಿ ಸದಾ ಮುಳುಗಿದ್ದು, ಕೆಳಗೆ ಅಳವಡಿಸಿದ ಗೇಟ್ ವಾಲ್ವಿನಿಂದ ಹರಿವನ್ನು ಹದಗೊಳಿಸಲಾಗುತ್ತದೆ. ಗಾಳಿಯಿಲ್ಲದೆ ಕೊಳವೆ ಪೂರ್ತಿ ತುಂಬಿ ಸೈಫನ್ ಆಗಿ ಹರಿಯುತ್ತದೆ, ಸದ್ದಿರುವುದಿಲ್ಲ. ಇನ್ನೊಂದು ಎತ್ತರದಲ್ಲಿ ಬಾಯಿ ತೆರೆದು ನಿಂತ ಆಪತ್ಕಾಲದ ಕೊಳವೆ. ತೊಡಕೆಂದರೆ, ಪಂಪು ಕಳುಹಿಸುವ ನೀರಿಗೂ ವಾಲ್ವು ಬಿಡುವ ನೀರಿಗೂ ಹನಿಯಷ್ಟು ವ್ಯತ್ಯಾಸ ಬಂದರೂ ಪೆಟ್ಟಿಗೆಯ ನೀರು ಏರುತ್ತ ಅಥವಾ ಇಳಿಯುತ್ತ ಹೋಗುತ್ತದೆ.

ಮೂರನೆಯದಾದ ಬೀನ್‌ಅನಿಮಲ್ ವಿನ್ಯಾಸ ಈ ತೊಡಕನ್ನು ಮೂರು ಕೊಳವೆಗಳಿಂದ ಬಿಡಿಸುತ್ತದೆ. ಒಂದು ಸೈಫನ್, ಪಂಪಿನ ನೀರಿನಲ್ಲಿ ಬಹುಪಾಲನ್ನು ಅದೇ ಸಾಗಿಸುವಂತೆ ವಾಲ್ವನ್ನು ಹದಗೊಳಿಸಬೇಕು. ಎರಡನೆಯದು ಗಾಳಿಯಾಡುವ ತೆರೆದ ಕೊಳವೆ. ಉಳಿದ ಸಣ್ಣ ಧಾರೆ ಅದರ ಗೋಡೆಗಂಟಿ ಸದ್ದಿಲ್ಲದೆ ಇಳಿಯುತ್ತದೆ, ಹರಿವಿನ ಏರುಪೇರನ್ನು ಅದೇ ನುಂಗಿಕೊಳ್ಳುತ್ತದೆ. ಮೂರನೆಯದು ಒಣಗಿ ನಿಂತ ಕೊಳವೆ. ಇದರ ಜಾಣ್ಮೆಯಿರುವುದು ಎರಡನೆಯ ಕೊಳವೆಯ ತಲೆಗೆ ಸಿಕ್ಕಿಸಿದ ಸಣ್ಣ ಗಾಳಿನಳಿಕೆಯಲ್ಲಿ. ಸೈಫನ್ ಕಟ್ಟಿಕೊಂಡು ಪೆಟ್ಟಿಗೆಯ ನೀರು ಏರಿದಾಗ ಆ ನಳಿಕೆಯ ತುದಿ ಮುಳುಗುತ್ತದೆ. ಗಾಳಿ ನಿಂತೊಡನೆ ತೆರೆದ ಕೊಳವೆಯೂ ಸೈಫನ್ ಆಗಿ ಮಾರ್ಪಟ್ಟು ಪೂರ್ಣ ಹರಿವನ್ನು ಹೊರುತ್ತದೆ. ಅದೂ ಸೋತರೆ ಒಣಕೊಳವೆ ಕೆಲಸಕ್ಕಿಳಿಯುತ್ತದೆ. ಆ ಕೊಳವೆಗೆ ವಾಲ್ವು ಇರಬಾರದು, ಬಲೆ ಇರಬಾರದು. ಒಂಟಿಯಾಗಿ ಇಡೀ ಹರಿವನ್ನು ಹೊರುವಷ್ಟು ಅಗಲವಿರಬೇಕು.

ಕೊಳವೆಯ ಅಗಲವನ್ನೂ ಲೆಕ್ಕದಿಂದಲೇ ತೀರ್ಮಾನಿಸಬೇಕಾಗುತ್ತದೆ. 1 ಮೀಟರ್ ಎತ್ತರದಿಂದ ಇಳಿಯುವ ನೀರಿನ ಸೈದ್ಧಾಂತಿಕ ವೇಗ ಸೆಕೆಂಡಿಗೆ 4.4 ಮೀಟರ್. ತಿರುವು, ಘರ್ಷಣೆಗಳ ನಷ್ಟ ಕಳೆದು ಅದರ ಅರ್ಧದಷ್ಟು ಉಳಿಯುತ್ತದೆಂದು ಭಾವಿಸಿದರೆ, ತುಂಬಿ ಹರಿಯುವ 25 ಮಿ.ಮೀ. ಒಳವ್ಯಾಸದ ಕೊಳವೆ ಸೆಕೆಂಡಿಗೆ ಸುಮಾರು 1 ಲೀಟರನ್ನೂ, 50 ಮಿ.ಮೀ. ಕೊಳವೆ 4 ಲೀಟರಿಗೂ ಹೆಚ್ಚನ್ನೂ ಸಾಗಿಸಬಲ್ಲವು. ಮೇಲಿನ ಉದಾಹರಣೆಯ ತೊಟ್ಟಿಗೆ ಸೆಕೆಂಡಿಗೆ 2.8 ಲೀಟರ್ ಬೇಕಾದ್ದರಿಂದ ಮೂರು ಕೊಳವೆಗಳೂ 50 ಮಿ.ಮೀ. ಆಗಿರುವುದೇ ಕ್ಷೇಮ.

7. ತಾನಾಗಿ ಹೊರಡುವ ಸೈಫನ್

ಗಾಜು ಕೊರೆಯಲು ಒಪ್ಪದವರಿಗಾಗಿ ತೊಟ್ಟಿಯ ಅಂಚಿಗೆ ತೂಗುಹಾಕುವ ಇನ್ನೊಂದು ಬಗೆಯ ಪೆಟ್ಟಿಗೆಯಿದೆ. ಒಳಪೆಟ್ಟಿಗೆ ಮತ್ತು ಹೊರಪೆಟ್ಟಿಗೆಗಳ ನಡುವೆ ಬಾಗಿದ ಕೊಳವೆಯೊಂದು ಗಾಜನ್ನು ದಾಟಿ ನೀರು ಸಾಗಿಸುತ್ತದೆ. ಆ ಕೊಳವೆ ಸದಾ ತುಂಬಿರಬೇಕು. ನೀರಿನ ಜೊತೆ ಬಂದ ಸಣ್ಣ ಗುಳ್ಳೆಗಳು ಬಾಗಿನ ನೆತ್ತಿಯಲ್ಲಿ ಸೇರುತ್ತ ಹೋಗಿ ಒಂದು ದಿನ ಸೈಫನ್ ಕಡಿದುಹೋಗುತ್ತದೆ. ಪಂಪಿಗೆ ಅದು ತಿಳಿಯುವುದಿಲ್ಲ. ಅದು ನೀರನ್ನು ಮೇಲಕ್ಕೆ ಕಳುಹಿಸುತ್ತಲೇ ಇರುತ್ತದೆ. ದೊಡ್ಡ ತೊಟ್ಟಿಗೆ ಈ ವಿಧಾನ ಸಲ್ಲದೆಂಬುದು ಹವ್ಯಾಸಿಗಳ ನಡುವೆ ನೆಲೆಗೊಂಡ ಅಭಿಪ್ರಾಯ.

ಸೈಫನ್ನನ್ನು ನಂಬಬಹುದಾದರೆ ಅದು ಪ್ರತಿ ಬಾರಿಯೂ ತಾನಾಗಿಯೇ ಹೊರಡುವಂತಿರಬೇಕು. ಈ ತತ್ತ್ವಕ್ಕೆ ಕರ್ನಾಟಕದಲ್ಲಿಯೇ ಒಂದು ದೊಡ್ಡ ನಿದರ್ಶನವಿದೆ. ಮೈಸೂರು ಸಂಸ್ಥಾನದ ಎಂಜಿನಿಯರ್ ಗಣೇಶ ಅಯ್ಯರ್ ರೂಪಿಸಿದ ಸುರುಳಿ ಸೈಫನ್ನುಗಳನ್ನು ಶರಾವತಿಯ ಹಿರೇಭಾಸ್ಕರ ಅಣೆಕಟ್ಟಿನಲ್ಲಿ ಅಳವಡಿಸಲಾಗಿತ್ತು. ಆಲಿಕೆಯಾಕಾರದ ಬಾಯಿ, ಅದರ ಮೇಲೆ ಗುಮ್ಮಟ, ಒಳಗೆ ಬಾಗಿದ ಪಟ್ಟಿಗಳು. ಜಲಾಶಯದ ನೀರು ಆಲಿಕೆಯ ಅಂಚನ್ನು ದಾಟಿದೊಡನೆ ಪಟ್ಟಿಗಳು ಅದನ್ನು ಸುತ್ತಿಸಿ ಸುಳಿಯೆಬ್ಬಿಸುತ್ತವೆ. ಸುಳಿ ಗುಮ್ಮಟದೊಳಗಿನ ಗಾಳಿಯನ್ನು ಎಳೆದೊಯ್ಯುತ್ತದೆ. ಗಾಳಿ ತೀರಿದ ಮೇಲೆ ಸೈಫನ್ ಪೂರ್ಣವೇಗದಲ್ಲಿ ಹರಿಯುತ್ತದೆ. ಬಾಗಿಲು ಎತ್ತುವವರು ಬೇಕಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ ನಂತರ ಹಿರೇಭಾಸ್ಕರ ಮುಳುಗಡೆಯಾಯಿತು. ಹಿನ್ನೀರು ತೀರ ಇಳಿದ ವರ್ಷಗಳಲ್ಲಿ ಈ ಸೈಫನ್ನುಗಳು ಮೇಲೆದ್ದು ಕಾಣುತ್ತವೆ. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದ ಸ್ವಯಂಚಾಲಿತ ಸೈಫನ್ನುಗಳೂ ಇದೇ ಕಾರಣಕ್ಕೆ ಪ್ರಸಿದ್ಧವಾಗಿವೆ.

ಮೂರು ಕೊಳವೆಗಳ ವಿನ್ಯಾಸದಲ್ಲಿಯೂ ಗಾಳಿ ತಾನಾಗಿ ಹೊರಹೋಗಬೇಕೆಂಬ ನಿಯಮವಿದೆ. ಅಲ್ಲಿ ಸುಳಿಯ ಬದಲು ಏರುವ ನೀರಿನ ಭಾರವೇ ಗಾಳಿಯನ್ನು ಕೆಳಗೆ ತಳ್ಳುತ್ತದೆ. ಅದಕ್ಕಾಗಿ ಸೈಫನ್ ಕೊಳವೆಯ ಕೆಳತುದಿ ಸಂಪಿನ ನೀರಿನೊಳಗೆ 2–3 ಸೆಂ.ಮೀ.ಗಿಂತ ಹೆಚ್ಚು ಮುಳುಗಿರಬಾರದು. ಹೆಚ್ಚು ಮುಳುಗಿದರೆ ಗಾಳಿ ಹೊರಬರಲಾರದೆ, ವಿದ್ಯುತ್ ಬಂದ ಮೇಲೆ ಸೈಫನ್ ಹೊರಡುವುದೇ ಇಲ್ಲ.

8. ನಿಂತ ಪಂಪು, ಮುಚ್ಚಿದ ಕೋಡಿ

ಎರಡು ಆಪತ್ತುಗಳನ್ನು ಕಾಗದದ ಮೇಲೆಯೇ ಎದುರಿಸಿ ನೋಡದೆ ಕೋಡಿಪೆಟ್ಟಿಗೆಯ ವಿನ್ಯಾಸ ಪೂರ್ಣವಾಗುವುದಿಲ್ಲ. ಮೊದಲನೆಯದು ವಿದ್ಯುತ್ ಹೋಗುವುದು. ಅಂಚಿನ ಮೇಲಿನ ನೀರು, ಪೆಟ್ಟಿಗೆ ಹಾಗೂ ಕೊಳವೆಗಳ ನೀರು ಸಂಪಿಗೆ ಇಳಿಯುತ್ತದೆ; ಅಷ್ಟಕ್ಕೂ ಸಂಪಿನಲ್ಲಿ ಖಾಲಿ ಜಾಗವಿರಬೇಕು. ಇದಕ್ಕಿಂತ ಅಪಾಯಕಾರಿಯಾದುದು ಪಂಪಿನ ಕೊಳವೆಯೇ ಹಿಮ್ಮುಖವಾಗಿ ಹರಿಯುವುದು. ಅದರ ಬಾಯಿ ನೀರಿನ ಮಟ್ಟಕ್ಕಿಂತ 20 ಸೆಂ.ಮೀ. ಕೆಳಗಿದ್ದರೆ 2.5 ಚದರ ಮೀಟರ್ ವಿಸ್ತೀರ್ಣದ ತೊಟ್ಟಿಯಿಂದ 500 ಲೀಟರ್ ಕೆಳಗೆ ಬರುತ್ತದೆ. ಆ ಕೊಳವೆಯಲ್ಲಿ ನೀರಿನ ಮಟ್ಟಕ್ಕೆ ತುಸು ಕೆಳಗೆ ಸಣ್ಣ ರಂಧ್ರ ಕೊರೆದರೆ ಮಟ್ಟ ಅಲ್ಲಿಗೆ ಇಳಿದೊಡನೆ ಗಾಳಿ ನುಗ್ಗಿ ಹರಿವು ಕಡಿಯುತ್ತದೆ. ಹಿಮ್ಮುಖ ಹರಿವನ್ನು ತಡೆಯುವ ವಾಲ್ವನ್ನು ಮಾತ್ರ ನಂಬುವುದು ಸರಿಯಲ್ಲ; ಸುಣ್ಣದ ಪದರ ಕಟ್ಟಿ ಅದು ಪೂರ್ತಿ ಮುಚ್ಚದೆ ಹೋಗಬಹುದು.

ಎರಡನೆಯ ಆಪತ್ತು ಕೋಡಿ ಮುಚ್ಚಿದರೂ ಪಂಪು ನಡೆಯುತ್ತಿರುವುದು. ಉದಾಹರಣೆಯ ತೊಟ್ಟಿಯಲ್ಲಿ 1 ಮೀಟರ್ ಅಂಚಿದ್ದು, ಗಾಜಿನ ತುದಿ ಅಂಚಿಗಿಂತ 50 ಮಿ.ಮೀ. ಮೇಲಿದ್ದರೆ, ಹರಿಯುವ ನೀರಿನ 13 ಮಿ.ಮೀ. ಕಳೆದು 37 ಮಿ.ಮೀ. ಉಳಿಯುತ್ತದೆ. ಅದರಲ್ಲಿ ಹಿಡಿಯುವುದು ಸುಮಾರು 92 ಲೀಟರ್. ಪಂಪು ಅದನ್ನು ಅರ್ಧ ನಿಮಿಷದಲ್ಲಿ ತುಂಬಿಸುತ್ತದೆ. ಆದ್ದರಿಂದ ಸಂಪಿನಲ್ಲಿ ಪಂಪಿರುವ ಅಂಕಣದಿಂದ ಮೇಲೆತ್ತಬಹುದಾದ ನೀರು 90 ಲೀಟರಿಗಿಂತ ಕಡಿಮೆಯಿರುವಂತೆ ಅಡ್ಡಗೋಡೆಗಳನ್ನು ಕಟ್ಟಬೇಕು. ಆಗ ಎಲ್ಲ ಕೊಳವೆಗಳೂ ಕಟ್ಟಿಕೊಂಡರೂ ಪಂಪು ಒಣಗಿ ನಿಲ್ಲುತ್ತದೆಯೇ ಹೊರತು ನೆಲಕ್ಕೆ ನೀರು ಚೆಲ್ಲುವುದಿಲ್ಲ. ಪಂಪು ಕೆಟ್ಟರೆ ಹೊಸದನ್ನು ತರಬಹುದು. ಉಪ್ಪುನೀರು ವಿದ್ಯುತ್ ಉಪಕರಣಗಳ ಮೇಲೆ ಚೆಲ್ಲಿದರೆ ಮನೆಮಂದಿಯ ಜೀವಕ್ಕೇ ಅಪಾಯ.

ಪ್ರಮಾಣದ ಈ ವಿವೇಕ ಪ್ರಾಚೀನವಾದುದು. ಇಂದಿನ ಆಂಧ್ರಪ್ರದೇಶದ ಕಡಪ ಭಾಗದ ಪೊರುಮಾಮಿಳ್ಳದಲ್ಲಿ ದೊರೆತ ವಿಜಯನಗರ ಕಾಲದ 1369ರ ಶಾಸನ ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಪಟ್ಟಿ ಮಾಡುತ್ತದೆ. ನೀರು ಕಡಿಮೆಯಿದ್ದು ನೆಲ ಹೆಚ್ಚಿರುವುದನ್ನೂ, ನೆಲ ಕಡಿಮೆಯಿದ್ದು ನೀರು ಹೆಚ್ಚಿರುವುದನ್ನೂ ಅದು ದೋಷಗಳೆಂದೇ ಎಣಿಸಿದೆ. ಸಂಪು, ಪೆಟ್ಟಿಗೆ, ಪಂಪುಗಳ ನಡುವಿನ ಅಳತೆಯ ಹೊಂದಾಣಿಕೆಯೂ ಇದೇ ಬಗೆಯದು.

9. ಜ್ಞಾನದ ರವಾನೆ

ಮೇಲೆ ವಿವರಿಸಿದ ಮೂರು ವಿನ್ಯಾಸಗಳ ಹೆಸರುಗಳು ಜಾನಪದ ದೃಷ್ಟಿಯಿಂದ ಗಮನಾರ್ಹ. ಇವು ಕಂಪನಿಗಳ ಹೆಸರುಗಳಲ್ಲ; ಮಾಡಿ ತೋರಿಸಿದ ಹವ್ಯಾಸಿಗಳ ಹೆಸರು ಅಥವಾ ಅಡ್ಡಹೆಸರುಗಳು. ಮಾಡಿದವರು ತಮ್ಮ ರಚನೆಯನ್ನು ಬಳಗದ ಮುಂದಿಟ್ಟರು. ಬಳಗ ಅದನ್ನು ಪರೀಕ್ಷಿಸಿತು, ತಿದ್ದಿತು, ತನ್ನ ಅಳತೆಗೆ ಹೊಂದಿಸಿಕೊಂಡಿತು. ಒಂದೇ ಕಥೆಗೆ ಹಲವು ಪಾಠಾಂತರಗಳಿರುವಂತೆ ಒಂದೇ ವಿನ್ಯಾಸಕ್ಕೆ ಹಲವು ರೂಪಗಳು ಹುಟ್ಟಿದವು. ತಯಾರಕರು ಅವನ್ನು ಆನಂತರ ಸಿದ್ಧ ಪೆಟ್ಟಿಗೆಗಳಾಗಿ ಮಾರುಕಟ್ಟೆಗೆ ತಂದರು. ಪ್ರತಿಯೊಂದು ನಿಯಮದ ಹಿಂದೆಯೂ ಯಾವುದೋ ಮನೆಯ ನೆನೆದ ನೆಲವಿದೆ. ಒಣಕೊಳವೆಗೆ ಬಲೆ ಹಾಕಬಾರದೆಂಬ ಕಟ್ಟಳೆಗೆ ಸಿದ್ಧಾಂತ ಆಮೇಲೆ ಸೇರಿಕೊಂಡದ್ದು; ಅನುಭವ ಮೊದಲಿನದು.

ಭಾರತದ ಸಂದರ್ಭದಲ್ಲಿ ಈ ಜ್ಞಾನಕ್ಕೆ ಸ್ಥಳೀಯ ತಿದ್ದುಪಡಿಗಳು ಸೇರಿವೆ. ಬೆಂಗಳೂರಿನಂತಹ ಕಡಲಿನಿಂದ ದೂರದ ನಗರಗಳಲ್ಲಿ ಶುದ್ಧೀಕರಿಸಿದ ನೀರಿಗೆ ಉಪ್ಪಿನ ಮಿಶ್ರಣ ಕರಗಿಸಿ ಸಮುದ್ರದ ನೀರನ್ನು ತಯಾರಿಸಬೇಕಾಗುತ್ತದೆ. ಚೆಲ್ಲಿಹೋದ ಪ್ರತಿ ಲೀಟರಿಗೂ ಬೆಲೆಯಿದೆ. ವಿದ್ಯುತ್ ಕಡಿತ ಇಲ್ಲಿ ಅಪರೂಪದ ಘಟನೆಯಲ್ಲವಾದ್ದರಿಂದ ಸೈಫನ್ ಮತ್ತೆ ತಾನಾಗಿ ಹೊರಡುವ ಗುಣಕ್ಕೆ ಹೆಚ್ಚಿನ ಮಹತ್ತ್ವವಿದೆ. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಮೊದಲನೆಯ ಅನುಸೂಚಿಯಲ್ಲಿ ಕಲ್ಲುಹವಳಗಳು ಸೇರಿರುವುದರಿಂದ ನಮ್ಮ ಕಡಲುಗಳ ಹವಳವನ್ನು ತೆಗೆಯುವುದು ಅಪರಾಧವೆಂಬುದನ್ನೂ ಇಲ್ಲಿ ಹೇಳಬೇಕು.

10. ಸಮಾರೋಪ

ಹೊರಹರಿವಿನ ವಿನ್ಯಾಸ ಮೂರು ಮಾತುಗಳಲ್ಲಿ ಅಡಗಿದೆ: ಅಂಚು ಉದ್ದವಾಗಿರಬೇಕು, ಇಳಿಯುವ ದಾರಿ ತಾನಾಗಿ ತೆರೆದುಕೊಳ್ಳಬೇಕು, ಒಂದು ದಾರಿ ಸದಾ ಒಣಗಿ ಕಾದಿರಬೇಕು. ಇವುಗಳಲ್ಲಿ ಮೂರನೆಯದು ಅತ್ಯಂತ ಸುಲಭವಾಗಿ ಕಡೆಗಣನೆಗೆ ಒಳಗಾಗುತ್ತದೆ. ನೀರು ಕಾಣದ ಕೊಳವೆ ವ್ಯರ್ಥವೆಂದು ತೋರುತ್ತದೆ. ಹರಿವು ಹೆಚ್ಚಿಸಬೇಕೆಂದವರು ಮೊದಲು ಬಳಸಿಕೊಳ್ಳುವುದು ಅದನ್ನೇ. ಕೆರೆಯ ಕೋಡಿಹಳ್ಳಗಳ ಗತಿಯೂ ಹೀಗೆಯೇ ಆಗಿದೆ. ಹಲವು ವರ್ಷ ನೀರು ಹರಿಯದ ಹಳ್ಳ ಖಾಲಿ ನಿವೇಶನವಾಗಿ ಕಾಣುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವಭಾಗದ ಬಡಾವಣೆಗಳು ಜಲಾವೃತವಾದಾಗ ಕೋಡಿ ಮತ್ತು ರಾಜಕಾಲುವೆಗಳ ಒತ್ತುವರಿ ಸಾರ್ವಜನಿಕ ಚರ್ಚೆಯ ಕೇಂದ್ರಕ್ಕೆ ಬಂದಿತು.

ಗಾಜಿನ ತೊಟ್ಟಿಯ ಮುಂದೆ ಕುಳಿತ ಹವ್ಯಾಸಿಗಳ ಬಳಗ ಕೆಲವೇ ದಶಕಗಳಲ್ಲಿ ಸೋಲುಗಳ ಮೂಲಕ ಕಂಡುಕೊಂಡ ಈ ತಿಳಿವಳಿಕೆ, ಕೆರೆ ಕಟ್ಟಿದ ಸಮುದಾಯಗಳು ಶತಮಾನಗಳಲ್ಲಿ ಕಂಡುಕೊಂಡ ತಿಳಿವಳಿಕೆಯಿಂದ ಬೇರೆಯಾದುದಲ್ಲ. ಒಂದು ಇನ್ನೊಂದರಿಂದ ಎರವಲು ಪಡೆದಿಲ್ಲ. ನೀರಿನ ಸ್ವಭಾವ ಒಂದೇ ಆದ್ದರಿಂದ ಇಬ್ಬರೂ ಒಂದೇ ಕಡೆಗೆ ಬಂದು ಸೇರಿದ್ದಾರೆ. ಜನಪದ ತಂತ್ರಜ್ಞಾನದ ಅಧ್ಯಯನ ಇಂತಹ ಸಮಕಾಲೀನ ಬಳಗಗಳತ್ತಲೂ ಗಮನ ಹರಿಸಿದರೆ, ಜ್ಞಾನ ಹುಟ್ಟುವ, ತಿದ್ದಿಕೊಳ್ಳುವ, ದಾಟುವ ಕ್ರಮವನ್ನು ಕಣ್ಣೆದುರಿಗೇ ದಾಖಲಿಸುವ ಅವಕಾಶ ದೊರೆಯುತ್ತದೆ. ಕಾಲ ಕಳೆದ ಮೇಲೆ ಉಪಕರಣ ಮಾತ್ರ ಉಳಿಯುತ್ತದೆ. ಅದರ ಹಿಂದಿನ ಕಾರಣಗಳು ಉಳಿಯುವುದು ಕೇಳಿ ಬರೆದಿಟ್ಟವರಿದ್ದಾಗ ಮಾತ್ರ.